ಬೆಟ್ಟಿ ಪೇಜ್: ಫೋಟೋ ಎಲ್ಲರ ಹತ್ರ ಇತ್ತು, ಮಾತು ಯಾರೂ ಕೇಳಲಿಲ್ಲ

ಈ ವಾರ ಮಾತಾಡ್ತಾ ಇರೋದು 'ದಿ ನಟೋರಿಯಸ್ ಬೆಟ್ಟಿ ಪೇಜ್' ಅನ್ನೋ ಸಿನಿಮಾ ಬಗ್ಗೆ. 2005ರಲ್ಲಿ ಬಂದಿದ್ದು. ನಿರ್ದೇಶಕಿ ಮೇರಿ ಹ್ಯಾರನ್. 'ಅಮೆರಿಕನ್ ಸೈಕೋ' ನೋಡಿದೋರಿಗೆ ಈ ಹೆಸರು ಗೊತ್ತಿರತ್ತೆ, ಅದನ್ನೂ ಮಾಡಿದ್ದು ಇವರೇ. ಒಂದು ಸೂಚನೆ: ಇವತ್ತಿನ ಮಾತಲ್ಲಿ ಲೈಂಗಿಕ ದೌರ್ಜನ್ಯದ ಪ್ರಸ್ತಾಪ ಬರತ್ತೆ. ಕೇಳೋಕೆ ಕಷ್ಟ ಅನ್ನಿಸಿದ್ರೆ ಈ ಕಂತು ಬಿಟ್ಟುಬಿಡಿ, ಬೇಜಾರಿಲ್ಲ.

ಬೆಟ್ಟಿ ಪೇಜ್ ಹೆಸರು ಕೇಳಿಲ್ಲದೇ ಇರಬಹುದು, ಆದ್ರೆ ಆಕೆಯ ಚಿತ್ರ ನೀವು ಖಂಡಿತ ಎಲ್ಲೋ ನೋಡಿರ್ತೀರಿ. ಕಪ್ಪು ಕೂದಲು, ಹಣೆ ಮೇಲೆ ನೇರವಾಗಿ ಕತ್ತರಿಸಿದ ಫ್ರಿಂಜ್, ಬಾಯ್ತುಂಬ ನಗು. ಟೀ ಶರ್ಟ್ ಮೇಲೆ, ಟ್ಯಾಟೂ ಡಿಸೈನಲ್ಲಿ, ಕೆಫೆ ಗೋಡೆ ಮೇಲೆ. ಗೋಡೆಗೆ ಪಿನ್ ಚುಚ್ಚಿ ತೂಗುಹಾಕೋ ಹುಡುಗಿಯರ ಫೋಟೋಗಳಿಗೆ 'ಪಿನ್-ಅಪ್' ಅಂತಾರೆ. 1950ರ ದಶಕದ ಅಮೆರಿಕದಲ್ಲಿ ಆ ಲೋಕದ ದೊಡ್ಡ ಹೆಸರು ಈಕೆ.

ಹುಟ್ಟಿದ್ದು 1923ರಲ್ಲಿ, ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಬಡತನದ, ದೇವರ ಭಯದ ಮನೆ. ಓದಿನಲ್ಲಿ ಚುರುಕು. ಹೈಸ್ಕೂಲಲ್ಲಿ ತರಗತಿಗೇ ಎರಡನೇ ಸ್ಥಾನ, ಆಮೇಲೆ ಪೀಬಾಡಿ ಕಾಲೇಜಿಂದ ಪದವಿ. ಟೀಚರ್ ಆಗಬೇಕು ಅಂತಿದ್ದೋಳು. ಅಪ್ಪನಿಂದಲೇ ದೌರ್ಜನ್ಯ, ಬೇಗ ಆದ ಮದುವೆ, ಅದು ಮುರಿದುಬಿದ್ದಿದ್ದು, ಒಂದು ಗುಂಪಿನಿಂದ ಆದ ಅತ್ಯಾಚಾರ: ಇದೆಲ್ಲ ಸಿನಿಮಾದ ಮೊದಲ ಭಾಗದಲ್ಲೇ ಬಂದು ಹೋಗತ್ತೆ. ಹ್ಯಾರನ್ ಇದನ್ನ ತೋರಿಸೋ ರೀತಿ ಗಮನಿಸಿ. ಕ್ಯಾಮೆರಾ ಆ ಹಿಂಸೆಯ ಹತ್ತಿರ ಹೋಗಲ್ಲ. ನಡೆಯಿತು ಅಂತ ನಮಗೆ ಗೊತ್ತಾಗತ್ತೆ, ಅಷ್ಟೇ. ಬೇರೆ ಯಾರಾದ್ರೂ ಮಾಡಿದ್ರೆ ಹಿನ್ನೆಲೆ ಸಂಗೀತ ಹಾಕಿ ಐದು ನಿಮಿಷ ಎಳೀತಿದ್ರು.

ಆಮೇಲೆ ಬಸ್ ಹತ್ತಿ ನ್ಯೂಯಾರ್ಕ್. 1950ರಲ್ಲಿ ಕೋನಿ ಐಲೆಂಡ್ ಬೀಚಲ್ಲಿ ಜೆರ್ರಿ ಟಿಬ್ಸ್ ಅನ್ನೋ ಪೊಲೀಸ್ ಸಿಗ್ತಾನೆ. ಅವನಿಗೆ ಫೋಟೋ ತೆಗೆಯೋ ಹವ್ಯಾಸ. ಹಣೆ ಮೇಲೆ ಫ್ರಿಂಜ್ ಬಿಡು ಅಂತ ಹೇಳಿದ್ದು ಅವನೇ. ಇವತ್ತು ಟ್ಯಾಟೂ ಮಾಡಿಸ್ಕೊಳ್ಳೋರೆಲ್ಲ ಗುರುತಿಸೋ ಆ ಕೇಶಶೈಲಿ ಬಂದಿದ್ದು ಹಾಗೆ.

ಮುಂದಿನದು ಅರ್ವಿಂಗ್ ಕ್ಲಾ ಮತ್ತು ಅವನ ತಂಗಿ ಪೌಲಾ ಕ್ಲಾ ಅವರ ಅಂಗಡಿ, 'ಮೂವಿ ಸ್ಟಾರ್ ನ್ಯೂಸ್'. ಸಿನಿಮಾ ತಾರೆಯರ ಫೋಟೋ ಮಾರೋ ಜಾಗ. ಅದರ ಜೊತೆಗೇ ಅಂಚೆ ಮೂಲಕ ಇನ್ನೊಂದು ವ್ಯಾಪಾರ: ಹೈ ಹೀಲ್ಸ್, ಹಗ್ಗ, ಚಾಟಿ, ಕಟ್ಟಿಹಾಕಿದ ಹುಡುಗಿಯರ ಫೋಟೋಗಳು. ಕೇಳೋಕೆ ಭಯಂಕರ. ಆದ್ರೆ ಸಿನಿಮಾದಲ್ಲಿ ಆ ಸ್ಟುಡಿಯೋ ಯಾವುದೋ ಮನೆಯ ಅಡುಗೆಕೋಣೆ ಥರ ಇದೆ. ಹುಡುಗಿಯರು ಹರಟೆ ಹೊಡೀತಾರೆ, ನಗ್ತಾರೆ, ಪೌಲಾ ಅಕ್ಕನ ಹಾಗೆ ಗಂಟು ಸರಿಮಾಡ್ತಾಳೆ. ಆ ಫೋಟೋಗಳಲ್ಲಿ ಪೂರ್ತಿ ನಗ್ನತೆ ಇರ್ತಿರಲಿಲ್ಲ. ಕಾರಣ ಕಾನೂನು. ಅಶ್ಲೀಲ ವಸ್ತುವನ್ನ ಅಂಚೆಯಲ್ಲಿ ಕಳಿಸೋದು ಅಮೆರಿಕದಲ್ಲಿ ಅಪರಾಧ, ಅದಕ್ಕೇ ಕ್ಲಾ ಬಹಳ ಲೆಕ್ಕಾಚಾರದಲ್ಲಿ ಇರ್ತಿದ್ದ.

ಗ್ರೆಚೆನ್ ಮೋಲ್ ಬೆಟ್ಟಿ ಪಾತ್ರ ಮಾಡಿದ್ದಾರೆ. ಕ್ಯಾಮೆರಾ ಮುಂದೆ ಬಂದ ತಕ್ಷಣ ಮುಖ ಅರಳತ್ತೆ, ಮಕ್ಕಳು ವೇಷ ಹಾಕ್ಕೊಂಡು ಆಡೋ ಹಾಗೆ. ನಾಚಿಕೆಯೂ ಇಲ್ಲ, ಉಡಾಫೆಯೂ ಇಲ್ಲ. ಸಿನಿಮಾದ ಹೆಚ್ಚಿನ ಭಾಗ ಕಪ್ಪು-ಬಿಳುಪು. ಬೆಟ್ಟಿ ಮಯಾಮಿಗೆ ಹೋದಾಗ ಪರದೆ ತುಂಬ ಬಣ್ಣ: ನೀಲಿ ಸಮುದ್ರ, ಹಸಿರು, ಬಿಸಿಲು. ಅಲ್ಲಿ ಫೋಟೋ ತೆಗೆಯೋದು ಬನ್ನಿ ಯೇಗರ್, ಒಬ್ಬ ಹೆಂಗಸು. ಚೀತಾಗಳ ಜೊತೆ ಬೆಟ್ಟಿ ಇರೋ ಪ್ರಸಿದ್ಧ ಫೋಟೋಗಳು ಆಕೆ ತೆಗೆದಿದ್ದು. 1955ರ ಜನವರಿ 'ಪ್ಲೇಬಾಯ್' ಸಂಚಿಕೆಯ ನಡುಪುಟದ ಫೋಟೋ ಕೂಡ.

ಈಗ ನನ್ನ ಮನಸ್ಸಲ್ಲಿ ಕೂತಿರೋ ದೃಶ್ಯಕ್ಕೆ ಬರ್ತೀನಿ.

1955ರಲ್ಲಿ ಅಮೆರಿಕದ ಸೆನೆಟ್‌ನ ಒಂದು ಉಪಸಮಿತಿ, ಇಂಥ ಫೋಟೋಗಳಿಂದ ಹದಿಹರೆಯದವರು ಕೆಡ್ತಿದ್ದಾರಾ ಅಂತ ವಿಚಾರಣೆ ನಡೆಸತ್ತೆ. ಮುಂದಾಳತ್ವ ಸೆನೆಟರ್ ಎಸ್ಟಿಸ್ ಕೆಫೌವರ್‌ದು. ಆತನೂ ಬೆಟ್ಟಿಯ ಊರಿನ ಕಡೆಯವನೇ, ಅದೇ ಟೆನೆಸಿ. ಬೆಟ್ಟಿಗೆ ಸಮನ್ಸ್ ಬರತ್ತೆ. ಅಚ್ಚುಕಟ್ಟಾಗಿ ಡ್ರೆಸ್ ಮಾಡ್ಕೊಂಡು, ಕೈಗೆ ಗ್ಲೌಸ್ ಹಾಕ್ಕೊಂಡು, ಹೊರಗೆ ಬೆಂಚ್ ಮೇಲೆ ಕೂತ್ಕೋತಾಳೆ. ಒಳಗೆ ಸಾಕ್ಷಿಗಳು ಮಾತಾಡ್ತಾರೆ, ತಜ್ಞರು ಮಾತಾಡ್ತಾರೆ, ಮಗನನ್ನ ಕಳ್ಕೊಂಡ ಒಬ್ಬ ಅಪ್ಪ ಮಾತಾಡ್ತಾನೆ. ಗಂಟೆಗಟ್ಟಲೆ ಕಾದ ಮೇಲೆ ಬೆಟ್ಟಿಗೆ ಹೇಳ್ತಾರೆ: ನಿಮ್ಮ ಸಾಕ್ಷ್ಯ ಬೇಕಾಗಿಲ್ಲ, ಹೋಗಬಹುದು.

ಇದು ನಿಜವಾಗಿ ನಡೆದಿದ್ದು. ಹ್ಯಾರನ್ ಇಡೀ ಸಿನಿಮಾವನ್ನ ಈ ಕಾಯುವಿಕೆಯ ಸುತ್ತ ಕಟ್ಟಿದ್ದಾರೆ. ಆ ಅಪ್ಪನ ದುಃಖವನ್ನ ಸಿನಿಮಾ ಗೇಲಿ ಮಾಡಲ್ಲ, ಅದು ದೊಡ್ಡ ವಿಷಯ. ಆದ್ರೆ ಯೋಚಿಸಿ. ಆ ಕೋಣೆಯಲ್ಲಿದ್ದ ಎಲ್ಲರ ಕೈಯಲ್ಲೂ ಆಕೆಯ ಫೋಟೋ ಇತ್ತು. ಆ ಫೋಟೋದಲ್ಲಿರೋಳು ಗೋಡೆಯ ಆಚೆ ಕೂತಿದ್ದಳು. ಈ ಕೆಲಸ ಯಾಕೆ ಮಾಡಿದೆ, ಬಲವಂತ ಇತ್ತಾ, ಎಷ್ಟು ದುಡ್ಡು ಕೊಟ್ರು, ಈಗ ಹೇಗಿದ್ದೀಯ? ಒಬ್ಬರೂ ಕೇಳಲಿಲ್ಲ.

ನಾನು ಓದಿದ್ದು ಬಿಕಾಂ, ಹಾಗಾಗಿ ದುಡ್ಡಿನ ಲೆಕ್ಕ ನೋಡದೇ ಇರೋಕಾಗಲ್ಲ. ಮಾಡೆಲ್‌ಗೆ ಸಿಗ್ತಿದ್ದಿದ್ದು ಆ ದಿನದ ಕೂಲಿ. ನೆಗೆಟಿವ್ ಮಾತ್ರ ಫೋಟೋ ತೆಗೆದೋರದ್ದು. ಒಂದು ನೆಗೆಟಿವಿಂದ ಸಾವಿರ ಪ್ರಿಂಟ್ ಹಾಕಿದ್ರೂ ಬೆಟ್ಟಿಗೆ ಸೇರೋದು ಅದೇ ಒಂದು ದಿನದ ಕೂಲಿ. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ ಆಸ್ತಿ ಒಬ್ಬರ ಪುಸ್ತಕದಲ್ಲಿ, ಕೆಟ್ಟ ಹೆಸರು ಇನ್ನೊಬ್ಬರ ಪುಸ್ತಕದಲ್ಲಿ. ವಿಚಾರಣೆ ಆದ ಮೇಲೆ ಕ್ಲಾ ಒತ್ತಡಕ್ಕೆ ಸಿಕ್ಕಿ ನೆಗೆಟಿವ್‌ಗಳನ್ನ ಸುಟ್ಟುಹಾಕಿದ. ಪೌಲಾ ಗುಟ್ಟಾಗಿ ಒಂದಷ್ಟು ಉಳಿಸಿಕೊಂಡಳು. ಹಾಗಾಗಿ ಫೋಟೋಗಳು ಬದುಕಿದವು. 1957ರಲ್ಲಿ ಬೆಟ್ಟಿ ಮಾಡೆಲಿಂಗ್ ಬಿಟ್ಟಳು. ಆಮೇಲೆ ಫ್ಲೋರಿಡಾದ ಒಂದು ಚರ್ಚಲ್ಲಿ ಮನಸ್ಸು ತಿರುಗಿ, ಧರ್ಮದ ಕೆಲಸಕ್ಕೆ ಹೋದಳು.

ಸಿನಿಮಾ ಇಲ್ಲಿಗೆ ನಿಲ್ಲತ್ತೆ. ಬೈಬಲ್ ಹಿಡಿದ ಬೆಟ್ಟಿ, ಆದ್ರೂ ಹಳೇ ಕೆಲಸದ ಬಗ್ಗೆ ನಾಚಿಕೆ ಇಲ್ಲ ಅನ್ನೋ ಬೆಟ್ಟಿ. ಚೆನ್ನಾಗಿದೆ. ಆದ್ರೆ ನನ್ನ ತಕರಾರು ಇರೋದೂ ಇಲ್ಲೇ.

ಯಾಕಂದ್ರೆ ಮುಂದಿನ ಕಥೆ ಇಷ್ಟು ಸಲೀಸಲ್ಲ. ಮತ್ತೆ ಮದುವೆಗಳು, ವಿಚ್ಛೇದನಗಳು. ಆಮೇಲೆ ತೀವ್ರ ಮಾನಸಿಕ ಕಾಯಿಲೆ, ಸ್ಕಿಜೋಫ್ರೇನಿಯಾ. ಜನರ ಮೇಲೆ ಚಾಕುವಿಂದ ಹಲ್ಲೆ, ಕ್ಯಾಲಿಫೋರ್ನಿಯಾದ ಸರ್ಕಾರಿ ಮನೋರೋಗ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ವಾಸ. ಅದೇ 1980ರ ದಶಕದಲ್ಲಿ ಹೊರಗೆ ಬೆಟ್ಟಿ ಪೇಜ್ ಹುಚ್ಚು ಶುರುವಾಗಿತ್ತು. ಡೇವ್ ಸ್ಟೀವನ್ಸ್ ತನ್ನ 'ರಾಕೆಟಿಯರ್' ಕಾಮಿಕ್ಸ್‌ನ ನಾಯಕಿಯನ್ನ ಆಕೆಯ ಮುಖ ನೋಡಿಯೇ ಬರೆದಿದ್ದ. ಪೋಸ್ಟರ್, ಕಾರ್ಡು, ಪುಸ್ತಕ, ಎಲ್ಲ ಮಾರಾಟ. ಆಕೆಗೆ ಬರ್ತಿದ್ದಿದ್ದು ಏನೂ ಇಲ್ಲ. ಆಮೇಲೆ ಸ್ಟೀವನ್ಸ್ ಆಕೆಯನ್ನ ಹುಡುಕಿ, ದುಡ್ಡು ಕೊಟ್ಟು, ಸ್ನೇಹಿತನಾಗಿ ಸಹಾಯ ಮಾಡಿದ. ತನ್ನ ಮುಖದಿಂದ ಬರೋ ವರಮಾನ ಸರಿಯಾಗಿ ಕೈಗೆ ಸೇರಿದ್ದು ಇಳಿವಯಸ್ಸಿನಲ್ಲಿ. 2008ರಲ್ಲಿ, 85ನೇ ವಯಸ್ಸಲ್ಲಿ ತೀರಿಕೊಂಡಳು. ಸತ್ತ ಮೇಲೆ, ಅತಿ ಹೆಚ್ಚು ಗಳಿಸೋ ದಿವಂಗತ ತಾರೆಯರ ಫೋರ್ಬ್ಸ್ ಪಟ್ಟಿಯಲ್ಲಿ ಆಕೆಯ ಹೆಸರಿತ್ತು.

ಹ್ಯಾರನ್ ಇದನ್ನ ಯಾಕೆ ಬಿಟ್ಟರು? ನನಗನ್ನಿಸೋದು, ಸೇರಿಸಿದ್ರೆ ಅದು ಶಿಕ್ಷೆ ಥರ ಕಾಣ್ತಿತ್ತು. ಬಟ್ಟೆ ಬಿಚ್ಚಿದಳು, ಅದಕ್ಕೇ ಹುಚ್ಚಾದಳು ಅಂತ ನೋಡೋರು ಗಂಟು ಹಾಕಿಬಿಡ್ತಿದ್ರು. ನಮ್ಮಲ್ಲಿ ಸಿಲ್ಕ್ ಸ್ಮಿತಾ ಬದುಕಿಂದ ಪ್ರೇರಣೆ ಪಡೆದ ಹಿಂದಿಯ 'ದಿ ಡರ್ಟಿ ಪಿಕ್ಚರ್' ನೆನಪಿಸಿಕೊಳ್ಳಿ. ಅಲ್ಲಿ ಕಥೆ ಸಾವಿನ ಕಡೆಗೇ ಓಡತ್ತೆ, ಮುಗಿದಾಗ ನಾವು 'ಅಯ್ಯೋ ಪಾಪ' ಅಂದು ಎದ್ದು ಬರ್ತೀವಿ. ಹ್ಯಾರನ್ ಆ 'ಅಯ್ಯೋ ಪಾಪ' ಬೇಡ ಅಂದಿದ್ದಾರೆ. ಅದು ಗೌರವ, ಒಪ್ತೀನಿ. ಆದ್ರೆ ಈ ಸಿನಿಮಾ ಬಂದಾಗ ಬೆಟ್ಟಿ ಬದುಕಿದ್ದಳು, ವಯಸ್ಸು 82. ಅಷ್ಟು ವರ್ಷದ ಬದುಕು ಬಿಟ್ಟು, ಫೋಟೋದಲ್ಲಿರೋ ವಯಸ್ಸಿನಷ್ಟೇ ತೋರಿಸಿದ್ರೆ ನಾವೂ ಮತ್ತೆ ಆ ಫೋಟೋವನ್ನೇ ನೋಡಿದ ಹಾಗಾಯ್ತು ಅಲ್ವಾ?

ಅದಕ್ಕೇ ಈ ಸಿನಿಮಾ ಜೊತೆ ಇನ್ನೊಂದನ್ನೂ ನೋಡಿ. ಮಾರ್ಕ್ ಮೋರಿ ಮಾಡಿದ 2012ರ ಸಾಕ್ಷ್ಯಚಿತ್ರ 'ಬೆಟ್ಟಿ ಪೇಜ್ ರಿವೀಲ್ಸ್ ಆಲ್'. ಅದರಲ್ಲಿ ಕಥೆ ಹೇಳೋದು ಸ್ವತಃ ಬೆಟ್ಟಿಯೇ. ವಯಸ್ಸಾದ ತನ್ನ ಮುಖ ತೋರಿಸೋಕೆ ಆಕೆ ಒಪ್ಪಲಿಲ್ಲ, ಹಾಗಾಗಿ ಬರೀ ದನಿ. ಅಮೆರಿಕದ ದಕ್ಷಿಣ ಸೀಮೆಯ ಎಳೆದು ಮಾತಾಡೋ ಇಂಗ್ಲಿಷ್, ಒಡಕು ದನಿ. ಕೆಲವು ಕಡೆ ನಗ್ತಾಳೆ, ಕೆಲವು ಕಡೆ ಕಹಿ. ಮುಖವನ್ನೇ ಮಾರಿದ ಲೋಕಕ್ಕೆ ಕೊನೆಗೆ ಮುಖ ಕೊಡಲಿಲ್ಲ, ಮಾತು ಕೊಟ್ಟಳು.

ಇವತ್ತು ನಮ್ಮೆಲ್ಲರ ಫೋನಲ್ಲೂ ಯಾರದ್ದೋ ಫೋಟೋ ಫಾರ್ವರ್ಡ್ ಆಗಿ ಬರತ್ತೆ. ಅದರ ಬಗ್ಗೆ ಗ್ರೂಪಲ್ಲಿ ಎಲ್ಲರಿಗೂ ಅಭಿಪ್ರಾಯ ಇರತ್ತೆ. ಅದರಲ್ಲಿರೋ ವ್ಯಕ್ತಿ ಒಪ್ಪಿದ್ದಾರಾ, ಈಗ ಅದು ಹರಿದಾಡೋದು ಅವರಿಗೆ ಬೇಕಾ, ಇಷ್ಟು ಕೇಳಿದ್ರೆ ಸಾಕು, ಎಷ್ಟೋ ಫಾರ್ವರ್ಡ್ ನಮ್ಮಲ್ಲೇ ನಿಲ್ಲತ್ತೆ.

ಸಿನಿಮಾ ನೋಡಿ, ಆ ಬೆಂಚಿನ ದೃಶ್ಯ ನಿಮಗೆ ಹೇಗನ್ನಿಸ್ತು, ಕೊನೆ ಅಲ್ಲೇ ನಿಲ್ಲಿಸಿದ್ದು ಸರಿನಾ ತಪ್ಪಾ ಅಂತ ವಾಯ್ಸ್ ನೋಟ್ ಕಳಿಸಿ. ಒಳ್ಳೆಯವನ್ನ ಮುಂದಿನ ಕಂತಲ್ಲಿ ಕೇಳಿಸ್ತೀನಿ, ನಿಮ್ಮ ಅನುಮತಿ ಕೇಳಿಯೇ.