ವಾಣಿಜ್ಯ ಸುದ್ದಿಯ ವೃತ್ತಿ: ನಮ್ಮ ಮಕ್ಕಳೂ ಯೋಚಿಸಲಿ



ಪಿಯುಸಿಯಲ್ಲಿ ಕಾಮರ್ಸ್ ಓದುವ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಬ್ಯಾಂಕು, ಅಕೌಂಟೆಂಟು ಎನ್ನುತ್ತಾರೆ. ವಾಣಿಜ್ಯ ವರದಿಗಾರನಾಗುತ್ತೇನೆ ಎಂದವರನ್ನು ನಾನಿನ್ನೂ ಕಂಡಿಲ್ಲ. ಅದೆಲ್ಲ ಮುಂಬೈ ಷೇರುಪೇಟೆಯ ಮಾತು ಎಂದೇ ನಮ್ಮ ಭಾವನೆ.

ಆದರೆ 2020ರಲ್ಲಿ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಿರಾಣಿಯವರಿಗೆ 40 ವರ್ಷ ಗುತ್ತಿಗೆಗೆ ಕೊಟ್ಟದ್ದು ವಾಣಿಜ್ಯ ಸುದ್ದಿಯಲ್ಲವೇ? 2024-25ರ ಹಂಗಾಮಿಗೆ ಕೇಂದ್ರವು ಕಬ್ಬಿಗೆ ಕ್ವಿಂಟಾಲಿಗೆ 340 ರೂಪಾಯಿ ನಿಗದಿ ಮಾಡಿತು. ಅದು ಶೇ. 10.25 ಸಕ್ಕರೆ ಇಳುವರಿಗೆ. ಇಳುವರಿ ಇಳಿದರೆ ಶೇ. 9.5ರವರೆಗೆ ದರವೂ ಇಳಿಯುತ್ತದೆ. ಇದನ್ನು ಬಿಟ್ಟು ಬರೆದರೆ ರೈತನಿಗೆ ಅರ್ಧ ಸುದ್ದಿಯೇ ಮುಟ್ಟುತ್ತದೆ. ಮಂತ್ರಿಗಳ ಹೇಳಿಕೆಯನ್ನು ಯಾರಾದರೂ ಬರೆದುಕೊಂಡಾರು. ಕಾರ್ಖಾನೆಯ ಬ್ಯಾಲೆನ್ಸ್ ಶೀಟು ಓದಲು ಕಾಮರ್ಸ್ ಬಲ್ಲವರೇ ಬೇಕು.

ಈ ವೃತ್ತಿಯಲ್ಲಿ ಮೇಲೇರಿದವರಿದ್ದಾರೆ. ಕನ್ನಡಪ್ರಭದ ಸಂಪಾದಕರಾಗಿದ್ದ ಎಚ್.ಆರ್. ರಂಗನಾಥ್ 2012ರಲ್ಲಿ ಪಬ್ಲಿಕ್ ಟಿವಿ ಆರಂಭಿಸಿದರು. ಪೋಷಕರೇ, ಸರ್ಕಾರಿ ನೌಕರಿಯ ಭದ್ರತೆ ಮಾತ್ರ ಇಲ್ಲಿಲ್ಲ. ಸಿಎನ್‌ಬಿಸಿ-ಟಿವಿ18 ಕಟ್ಟಿದ ರಾಘವ್ ಬಹಲ್, 2014ರಲ್ಲಿ ನೆಟ್‌ವರ್ಕ್18 ರಿಲಯನ್ಸ್ ಪಾಲಾದಾಗ ತಾವೇ ಹೊರಬಂದರು. ಚಾನೆಲ್ಲಿನ ಲೆಕ್ಕ ಅಷ್ಟು ಕಠಿಣ.

ಪದವಿಯ ನಂತರ ಓದಲು ಮಾನಸಗಂಗೋತ್ರಿಯ ಪತ್ರಿಕೋದ್ಯಮ ವಿಭಾಗ ಹತ್ತಿರದಲ್ಲೇ ಇದೆ. ಮನೆಯ ಉರ್ದು, ಶಾಲೆಯ ಕನ್ನಡ ಎರಡೂ ಈ ಕೆಲಸಕ್ಕೆ ಬಂಡವಾಳ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳೇ, ನೆರೆಹೊರೆಯವರ ಒಂದು ಕಬ್ಬಿನ ಬಿಲ್ಲು ಕೇಳಿ ತನ್ನಿ, ಕೂತು ಓದೋಣ.