ನೋವಿಗೊಂದು ಇಂಬು

“ನೋವು ಕಡಮೆಯಾಗಲಿ, ಆಮೇಲೆ ನೋಡೋಣ.” ಬಹುಕಾಲದಿಂದ ಸೊಂಟನೋವನ್ನೋ ಮಂಡಿನೋವನ್ನೋ ಅನುಭವಿಸುತ್ತಿರುವವರ ಬಾಯಲ್ಲಿ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮಗಳ ಊರಿಗೆ ಹೋಗುವುದು ಆಮೇಲೆ. ಸಂಗೀತ ಕಚೇರಿ ಆಮೇಲೆ. ಅರ್ಧಕ್ಕೆ ನಿಂತ ಪುಸ್ತಕವೂ ಆಮೇಲೆಯೇ. ಮೂರು ತಿಂಗಳಿಗೆ ಮೀರಿ ಉಳಿದ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಅದು ಹತ್ತು ವರ್ಷ ಉಳಿದರೆ ಈ ‘ಆಮೇಲೆ’ಯೂ ಹತ್ತು ವರ್ಷ ಉಳಿಯುತ್ತದೆ.

ಈ ‘ಆಮೇಲೆ’ಗೇ ಚಿಕಿತ್ಸೆ ಮಾಡಹೊರಟ ಮನಶ್ಶಾಸ್ತ್ರದ ಪದ್ಧತಿಯೊಂದಿದೆ. ಅಮೆರಿಕದ ನೆವಾಡ ವಿಶ್ವವಿದ್ಯಾನಿಲಯದ ಸ್ಟೀವನ್ ಹೇಯ್ಸ್ ಮತ್ತು ಅವರ ಇಬ್ಬರು ಸಂಗಡಿಗರು 1999ರಲ್ಲಿ ಇದನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಇದರ ಹೆಸರಿನಲ್ಲಿರುವ ‘ಅಕ್ಸೆಪ್ಟೆನ್ಸ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನೋಣ? ‘ಅಂಗೀಕಾರ’ ಎಂದರೆ ಕಡತದ ವಾಸನೆ. ‘ಸಹನೆ’ ಎಂದರೆ ಹಲ್ಲು ಕಚ್ಚಿ ಕುಳಿತಂತೆ. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಬೋಧಿಸಿದ್ದೇವೆ. ‘ಹಣೆಬರಹ’ ಎಂದರಂತೂ ಕೆಲಸವೇ ಕೆಟ್ಟಿತು. ನನಗೆ ಒಪ್ಪಿಗೆಯಾಗುವುದು ‘ಇಂಬು ಕೊಡುವುದು’ ಎಂಬ ಮಾತು. ಇಂಬು ಎಂದರೆ ಎಡೆ, ಜಾಗ. ಕರೆಯದೆ ಬಂದ ನೆಂಟ ಜಗಲಿಯಲ್ಲಿ ಕುಳಿತಿದ್ದಾನೆ. ಹೊರಗಟ್ಟಲು ಆಗದು; ಬಾಗಿಲಲ್ಲಿ ಕಾವಲು ನಿಂತರೆ ಮನೆಯ ಒಲೆ ಉರಿಯದು. ಅವನಿಗೊಂದು ಮೂಲೆ ಬಿಟ್ಟುಕೊಟ್ಟು ಒಳಗಿನ ಕೆಲಸ ನೋಡಬೇಕು.

ಚಿಕಿತ್ಸಕರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: ನೋವಿನೊಡನೆ ಹೋರಾಡುತ್ತ ನೀವು ಏನೇನನ್ನು ಬಿಟ್ಟಿರಿ? ಸಂಗೀತವನ್ನು ಬಿಟ್ಟವರು ಗೋಡೆಯ ಬದಿಯ ಕುರ್ಚಿ ಹಿಡಿದು ಅರ್ಧ ಗಂಟೆ ಕೇಳಿ ಬರುತ್ತಾರೆ. ನೋವೂ ಜತೆಗೆ ಬರುತ್ತದೆ. ಇನ್ನೊಂದು ಅಭ್ಯಾಸ ಮಾತಿಗೆ ಸಂಬಂಧಿಸಿದ್ದು. ‘ನಾನಿನ್ನು ಯಾವ ಕೆಲಸಕ್ಕೂ ಬಾರದವನು’ ಎನ್ನುವ ಬದಲು, ‘ನಾನಿನ್ನು ಯಾವ ಕೆಲಸಕ್ಕೂ ಬಾರದವನು ಎಂದು ಒಂದು ಯೋಚನೆ ಬಂದಿದೆ’ ಎಂದುಕೊಳ್ಳುವುದು. ಯೋಚನೆ ಅಳಿಯುವುದಿಲ್ಲ, ನಮಗೂ ಅದಕ್ಕೂ ನಡುವೆ ತುಸು ದೂರ ಏರ್ಪಡುತ್ತದೆ. ಜೀವಮಾನವೆಲ್ಲ ವ್ಯಾಕರಣ ಹೇಳಿದ ನನಗೆ, ‘ಎಂದು’ ಎಂಬ ಪುಟ್ಟ ಅವ್ಯಯ ಇಷ್ಟು ಕೆಲಸ ಮಾಡೀತೆಂದು ತಿಳಿದಿರಲಿಲ್ಲ.

ಫಲವೇನು? ಸ್ವೀಡನ್ನಿನಲ್ಲಿ ಸಾರ್ವಜನಿಕ ಆರೋಗ್ಯ ಕ್ಷೇತ್ರದ ನೌಕರರ ಮೇಲೆ ನಡೆದ ಪುಟ್ಟ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಂದೊಂದು ಗಂಟೆಯ ನಾಲ್ಕೇ ಭೇಟಿಗಳು. ಆರು ತಿಂಗಳ ಬಳಿಕ ನೋಡಿದರೆ, ಈ ಚಿಕಿತ್ಸೆ ಪಡೆದವರು ಕಾಯಿಲೆಯ ರಜೆ ಹಾಕಿದ ದಿನಗಳು ಉಳಿದವರಿಗಿಂತ ಬಹಳ ಕಡಮೆ. ನೋವಿನ ಪ್ರಮಾಣದಲ್ಲಿ ಮಾತ್ರ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ! ನೋವು ಹೋಗದಿದ್ದ ಮೇಲೆ ಅದೆಂಥ ಚಿಕಿತ್ಸೆ ಎಂದು ಯಾರಾದರೂ ಕೇಳಿಯಾರು. ಕೆಲಸಕ್ಕೆ ಮರಳಿದವರನ್ನು ಕೇಳಿದರೆ ಉತ್ತರ ಬೇರೆ ಬಂದೀತು.

ಇಂಗ್ಲೆಂಡಿನ ‘ನೈಸ್’ ಸಂಸ್ಥೆ, ಬೇರೊಂದು ರೋಗದಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಈ ಚಿಕಿತ್ಸೆಯನ್ನು ಪರಿಶೀಲಿಸಬಹುದೆಂದು 2021ರಲ್ಲಿ ಸೂಚಿಸಿತು. ಪ್ಯಾರಸಿಟಮಾಲನ್ನು ಹೊಸದಾಗಿ ಆರಂಭಿಸಬೇಡಿರೆಂದೂ ಹೇಳಿತು. ಆದರೆ ಅದರ ಹಿಂದಿನ ವರ್ಷವೇ ಹೊರಬಂದ ಕಾಕ್ರೇನ್ ಸಮೀಕ್ಷೆ ಈ ಪದ್ಧತಿಗಿರುವ ಆಧಾರಗಳು ಇನ್ನೂ ಗಟ್ಟಿಯಾಗಿಲ್ಲವೆಂದಿದೆ. ಅದನ್ನೂ ಮರೆಯಬಾರದು. ನನಗಿರುವ ಅಂಜಿಕೆ ಮತ್ತೊಂದು: ಪರೀಕ್ಷೆಯನ್ನೇ ಮಾಡಿಸದೆ, “ಒಪ್ಪಿಕೊಂಡುಬಿಡಮ್ಮ” ಎಂದು ಮನೆಯವರು ಇದನ್ನೊಂದು ನೆಪ ಮಾಡಿಕೊಂಡಾರು. ಹೊಸದಾಗಿ ಕಾಣಿಸಿಕೊಂಡ ನೋವು, ಕಾಲಿನ ಜೋಮು, ಜೊತೆಗೆ ಜ್ವರ ಅಥವಾ ತೂಕ ಇಳಿಯುವುದು, ಇವಕ್ಕೆ ಮೊದಲು ವೈದ್ಯರೇ ಬೇಕು.