ಬೇಸಿಗೆ ರಜೆಯ ಎರಡು ತಿಂಗಳು ಮತ್ತು ನಮ್ಮ ವಿಜ್ಞಾನ ವಿದ್ಯಾರ್ಥಿಗಳು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವಿಜ್ಞಾನದ ಬಗ್ಗೆ ಮಾತನಾಡಲು ಇವರೇಕೆ ಬಂದರು ಎಂದು ಮುಂದಿನ ಸಾಲಿನ ಪಿಯುಸಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಅರ್ಜಿ ಬರೆಯಬೇಕಾದಾಗ ಮಕ್ಕಳು ಹುಡುಕಿಕೊಂಡು ಬರುವುದು ಭಾಷಾ ಶಿಕ್ಷಕರನ್ನೇ. ಅಂತಹ ಅರ್ಜಿಗಳನ್ನು ತಿದ್ದುತ್ತ ತಿದ್ದುತ್ತ ನನಗೆ ಈ ವಿಷಯ ಪರಿಚಯವಾಯಿತು.

ನೀಟ್ ಫಲಿತಾಂಶ ಬಂದ ದಿನ ನಮ್ಮಲ್ಲಿ ಕೆಲವು ಮನೆಗಳಲ್ಲಿ ಸಿಹಿ ಹಂಚುತ್ತಾರೆ, ಬಹಳ ಮನೆಗಳಲ್ಲಿ ಯಾರೂ ಮಾತನಾಡುವುದಿಲ್ಲ. ಸೀಟು ಸಿಗದ ಮಗು ಬಿ.ಎಸ್ಸಿ. ಸೇರುತ್ತದೆ. ನೆಂಟರು ಕೇಳಿದರೆ “ಸುಮ್ನ ಬಿ.ಎಸ್ಸಿ. ಮಾಡಾಕತ್ತಾಳ್ರಿ” ಎನ್ನುತ್ತೇವೆ. ಆ ‘ಸುಮ್ನ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು. ರೋಗಿಗೆ ಚಿಕಿತ್ಸೆ ಕೊಡುವವರು ವೈದ್ಯರು. ಆದರೆ ಆ ರೋಗ ಏಕೆ ಬಂತು, ಕೊಟ್ಟ ಔಷಧಿ ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂದು ಹುಡುಕುವ ಕೆಲಸದಲ್ಲಿ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ ಓದಿದವರು ವೈದ್ಯರಿಗೆ ಸರಿಸಮನಾಗಿ ನಿಂತಿದ್ದಾರೆ. ಆ ಕೆಲಸವನ್ನು ಹತ್ತಿರದಿಂದ ನೋಡಿ ಕಲಿಯಲು ಡಿಗ್ರಿ ಮುಗಿಯುವವರೆಗೆ ಕಾಯಬೇಕಿಲ್ಲ.

ಪ್ರೊ. ಉಬೈದ್ ಸಿದ್ದೀಕಿ ಅವರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿದವರು ಬಹಳ ಕಡಿಮೆ. ಅವರು 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ ಅಲೀಗಢದಲ್ಲಿ ಓದಿದವರು. ದೆಹಲಿಯಲ್ಲಿ ಗೋಧಿಯ ಮೇಲೆ ಸಂಶೋಧನೆ ನಡೆಸಿದ್ದಾಗ ಆಲಿಕಲ್ಲು ಮಳೆಗೆ ಅವರ ಬೆಳೆ ಹಾಳಾಯಿತು. (ಬೀಳಗಿಯ ರೈತರಿಗೆ ಈ ಸಂಕಟವನ್ನು ನಾನು ವಿವರಿಸಬೇಕಿಲ್ಲ.) ಮುಂದೆ ಅವರು ಗ್ಲಾಸ್ಗೋ ನಗರಕ್ಕೆ ಹೋಗಿ ಪೊಂಟೆಕೋರ್ವೊ ಎಂಬ ವಿಜ್ಞಾನಿಯ ಕೈಕೆಳಗೆ ಶಿಲೀಂಧ್ರಗಳ ಅನುವಂಶೀಯತೆ ಕಲಿತರು. 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಕಟ್ಟಿದರು. 1990ರ ದಶಕದಲ್ಲಿ ನಮ್ಮ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ತಲೆಯೆತ್ತಿದ್ದೂ ಅವರ ನೇತೃತ್ವದಲ್ಲಿಯೇ. 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಈ ಸಾಧನೆಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಒಂದು ಪತ್ರ. ವೆರೋನಿಕಾ ರಾಡ್ರಿಗ್ಸ್ ಎಂಬ ಹುಡುಗಿ, ಗೋವಾ ಮೂಲದ ಕುಟುಂಬ, ಹುಟ್ಟಿದ್ದು 1953ರಲ್ಲಿ ಕೀನ್ಯಾದಲ್ಲಿ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಪದವಿ ಓದುತ್ತಿದ್ದಾಗ ಸಿದ್ದೀಕಿಯವರ ಸಂಶೋಧನಾ ಲೇಖನ ಓದಿ, ನಿಮ್ಮಲ್ಲಿ ಕೆಲಸ ಕಲಿಯಬೇಕು ಎಂದು ಅವರಿಗೆ ಬರೆದಳು. ಪರಿಚಯವಿಲ್ಲ, ಶಿಫಾರಸಿಲ್ಲ. ಸಿದ್ದೀಕಿಯವರು ಬಾ ಎಂದರು. ಅವಳು ಮುಂಬಯಿಗೆ ಬಂದು, ಹಣ್ಣಿನ ನೊಣಗಳು ವಾಸನೆಯನ್ನು ಹೇಗೆ ಗುರುತಿಸುತ್ತವೆ ಎಂಬುದರ ಮೇಲೆ ಅವರೊಡನೆ ಕೆಲಸ ಮಾಡಿದಳು. ಮುಂದೆ ಅದೇ ಸಂಸ್ಥೆಯ ಜೀವವಿಜ್ಞಾನ ವಿಭಾಗದ ಮುಖ್ಯಸ್ಥೆಯಾದರು, ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಹಿರಿಯ ಪ್ರಾಧ್ಯಾಪಕರಾಗಿದ್ದು 2010ರಲ್ಲಿ ನಿಧನರಾದರು.

ನೊಣಕ್ಕೂ ಮನುಷ್ಯನ ರೋಗಕ್ಕೂ ಏನು ಸಂಬಂಧ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಸಂಬಂಧ ಬಹಳ ಇದೆ. ಮನುಷ್ಯರಲ್ಲಿ ರೋಗಕ್ಕೆ ಕಾರಣವಾಗುವ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲಿ ಜೋಡಿ ಇದೆ. ಬಾಳೆಹಣ್ಣು ಕೊಳೆತರೆ ಸುತ್ತ ಹಾರುತ್ತದಲ್ಲ, ಅದೇ ನೊಣ. ಬಿಸಿ ಏರಿದ ಕೂಡಲೆ ಕೈಕಾಲು ಸೋತು ಬಿದ್ದು, ತಣ್ಣಗಾದ ಮೇಲೆ ಮತ್ತೆ ಎದ್ದು ನಡೆಯುವ ನೊಣಗಳನ್ನು ಸಿದ್ದೀಕಿಯವರೂ ಅಮೆರಿಕದ ಸೀಮೋರ್ ಬೆಂಜರ್ ಅವರೂ ಬೇರ್ಪಡಿಸಿದರು. ಅವುಗಳಿಂದ ನರಗಳಲ್ಲಿ ಸಂದೇಶ ಹರಿಯುವ ಬಗೆಯನ್ನು ಅಭ್ಯಾಸ ಮಾಡುವುದು ಸಾಧ್ಯವಾಯಿತು. ಇನ್ನೊಂದು ಮಾತು ಕೇಳಿದರೆ ಮಹಾಲಿಂಗಪುರದವರಿಗೆ ಸಂತೋಷವಾದೀತು. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಈ ನೊಣಗಳನ್ನು ಸಾಕುವುದು ರವೆ ಮತ್ತು ಬೆಲ್ಲದ ಗಂಜಿಯ ಮೇಲೆ! ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಗಟ್ಟಿಯಾಗಲು ಸ್ವಲ್ಪ ಅಗರ್, ಬೂಷ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ. ಹತ್ತು-ಹನ್ನೆರಡು ದಿನಗಳಲ್ಲಿ ಹೊಸ ಪೀಳಿಗೆ ಸಿದ್ಧ. ಒಂದು ಗಾಜಿನ ಬಾಟಲಿ, ಅರಳೆಯ ಬಿರಡೆ, ಒಂದು ಭೂತಗನ್ನಡಿ ಇದ್ದರೆ ನಮ್ಮ ಹೈಸ್ಕೂಲಿನಲ್ಲಿಯೂ ನೊಣದ ಮರಿಹುಳ, ಕೋಶ, ರೆಕ್ಕೆಗಳನ್ನು ಮಕ್ಕಳು ನೋಡಿ ಬರೆದಿಡಬಹುದು. ವಿಜ್ಞಾನದ ಶಿಕ್ಷಕ ಮಿತ್ರರು ಇದನ್ನು ಈ ವರ್ಷವೇ ಮಾಡಲಿ ಎಂದು ನನ್ನ ಕೋರಿಕೆ.

ಈಗ ಅವಕಾಶಗಳ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಷಿಪ್ ನಡೆಸುತ್ತದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ, ಜೊತೆಗೆ ಮಾಸಿಕ ವೇತನ. ಬಿ.ಎಸ್ಸಿ., ಎಂ.ಎಸ್ಸಿ. ಓದುವವರಷ್ಟೇ ಅಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ಬೇಸಿಗೆಯ ಈ ಅರ್ಜಿಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಕರೆಯುತ್ತಾರೆ, ನಮ್ಮ ಮಕ್ಕಳು ಎಚ್ಚರಗೊಳ್ಳುವುದು ಏಪ್ರಿಲ್‌ನಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಬೇಸಿಗೆ ಫೆಲೋಷಿಪ್ ಇದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ರೂಪಾಯಿ ಮಾರ್ಗದರ್ಶಕರೊಬ್ಬರ ಕೈಕೆಳಗೆ ಬೇಸಿಗೆ ಯೋಜನೆ ಮಾಡುವುದಕ್ಕೆಂದೇ ಇಟ್ಟದ್ದು. ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ಸೇರಿದ ನಮ್ಮ ಮಕ್ಕಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನವಿದೆ, ಅದು 1979ರಿಂದ ಬಂದದ್ದು. ಹೈಸ್ಕೂಲಿನವರಿಗೆ ಇನ್‌ಸ್ಪೈರ್ ಮಾನಕ್. ಅದಕ್ಕೆ ಮಕ್ಕಳ ಹೆಸರನ್ನು ಶಾಲೆಯೇ ಕಳಿಸಬೇಕು, ಮುಖ್ಯೋಪಾಧ್ಯಾಯರು ಮನಸ್ಸು ಮಾಡಬೇಕು. 2025ರ ಆಗಸ್ಟ್ 8ರಂದು ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಸಂಸ್ಥೆಗಳ ಬಾಗಿಲನ್ನು ಒಂದು ದಿನ 9ರಿಂದ 12ನೇ ತರಗತಿಯ ಮಕ್ಕಳಿಗೆ ತೆರೆದಿತ್ತು. ಆ ಮಂಡಳಿಯ ಒಂದು ಸಂಸ್ಥೆ, ಪಾರಂಪರಿಕ ಔಷಧಗಳ ಸಂಶೋಧನೆಯದು, ಇರುವುದು ನಮ್ಮ ಪಕ್ಕದ ಬೆಳಗಾವಿಯಲ್ಲಿ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಹೆಸರು ಕಂಡರೆ ಅದಕ್ಕೆ ಕಾಯಬೇಡಿ, ಅದು 2022ರಲ್ಲಿ ನಿಂತುಹೋಯಿತು. ಹಾಗೆಯೇ ಶುಲ್ಕ ಕಟ್ಟಿಸಿಕೊಂಡು ಹದಿನೈದು ದಿನಗಳಲ್ಲಿ ಸರ್ಟಿಫಿಕೇಟ್ ಕೊಡುವ ‘ಇಂಟರ್ನ್‌ಶಿಪ್’ ಅಂಗಡಿಗಳೂ ಇವೆ. ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೆ ಹೋಗಬೇಡಿ.

ಈ ಅರ್ಜಿಗಳಲ್ಲಿ ಅಂಕಪಟ್ಟಿಯ ಜೊತೆಗೆ ಒಂದು ಸಣ್ಣ ಬರಹ ಕೇಳುತ್ತಾರೆ. ನಿಮಗೆ ಏನು ಕಲಿಯಬೇಕಾಗಿದೆ, ಏಕೆ? ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. “ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ” ಎಂದು ಎಲ್ಲರೂ ಬರೆಯುತ್ತಾರೆ. ಒಂದೇ ಪತ್ರವನ್ನು ಐವತ್ತು ವಿಜ್ಞಾನಿಗಳಿಗೆ ಕಳಿಸುತ್ತಾರೆ, ಒಬ್ಬರೂ ಉತ್ತರಿಸಲಿಲ್ಲ ಎಂದು ಬೇಸರಪಡುತ್ತಾರೆ. ರಬಕವಿಯ ಒಬ್ಬ ವಿದ್ಯಾರ್ಥಿನಿ ಅಂತಹುದೇ ಬರಹ ತಂದಿದ್ದಳು. ಅವಳು ಮಾತನಾಡುವುದೇ ಸ್ವಲ್ಪ ಜೋರು. ಏಕಮ್ಮಾ ಎಂದೆ. “ಮನ್ಯಾಗ ಹಿಂಗ ರೂಢಿ ಆಗೇದರಿ ಸರ್. ಅಬ್ಬಾಗ ಕಿವಿ ಕೇಳಂಗಿಲ್ಲ. ಮೂವತ್ತು ವರ್ಷ ಪವರ್‌ಲೂಮ್ ಮುಂದ ನಿಂತಾರ” ಎಂದಳು. ಇದನ್ನೇ ಬರಿ ಎಂದೆ. ಅವಳು ತನ್ನ ಪ್ರಾಧ್ಯಾಪಕರನ್ನು ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡು ಬಂದಳು. ಒಳಕಿವಿಯಲ್ಲಿ ಕೂದಲಿನಂತಹ ಎಳೆಗಳಿರುವ ಸೂಕ್ಷ್ಮ ಕೋಶಗಳಿವೆ. ಸದ್ದಿನ ಹೊಡೆತಕ್ಕೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ, ಕೋಳಿಯಲ್ಲಿ ಹುಟ್ಟುತ್ತವೆ. ಕೋಳಿಗೆ ಆಗುವುದು ನಮ್ಮ ಅಬ್ಬಾಗೆ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಯೇ ಅವಳ ಬರಹವಾಯಿತು. ಮೊದಲು ಉರ್ದುವಿನಲ್ಲಿ ಬರೆದಳು, ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಂದೆವು. ಉರ್ದು ಮಾಧ್ಯಮದ, ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಇದನ್ನೇ ಹೇಳುವುದು. ಯೋಚನೆ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಲಿ, ಇಂಗ್ಲಿಷನ್ನು ತಿದ್ದಿಕೊಡಲು ನಾವಿದ್ದೇವೆ.

ಅವಳಿಗೆ ಆಯ್ಕೆಯ ಪತ್ರ ಬಂತು. ಅವಳು ಹೋಗಲಿಲ್ಲ.

ಮನೆಯವರು ಓದಿಗೆ ವಿರೋಧಿಗಳಲ್ಲ. ಎರಡು ತಿಂಗಳು ಮಗಳು ಎಲ್ಲಿ ಇರುತ್ತಾಳೆ, ಹಾಸ್ಟೆಲ್ ಹೇಗಿದೆ ಎಂದು ನೋಡಿಬಂದು ಹೇಳುವವರು ಯಾರೂ ಇರಲಿಲ್ಲ. ವೇತನ ಕೈಗೆ ಬರುವುದು ಕೆಲಸ ಆರಂಭವಾದ ಮೇಲೆ. ಅಲ್ಲಿಯವರೆಗೆ ಬಸ್ಸು, ಊಟ, ಕೊಠಡಿಗೆ ಬೇಕಾದ ಎಂಟು-ಹತ್ತು ಸಾವಿರ ರೂಪಾಯಿ ಆ ಮಗ್ಗದ ಮನೆಯಲ್ಲಿ ಒಮ್ಮೆಗೆ ಹುಟ್ಟಲಿಲ್ಲ. ಅದೇ ಬೇಸಿಗೆಯಲ್ಲಿ ನಾವು ಈ ಸಭಾಂಗಣದಲ್ಲಿ ಶಾಲು, ಸ್ಮರಣಿಕೆ, ಫೋಟೊಗಳಿಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡಿದೆವು. ಹಿರಿಯರು ಕ್ಷಮಿಸಬೇಕು, ಇದನ್ನು ನಾನು ಈ ವೇದಿಕೆಯಲ್ಲಿಯೇ ಹೇಳಬೇಕಿತ್ತು.

ಸಂಘದ ಮುಂದೆ ನನ್ನ ಬೇಡಿಕೆ ದೊಡ್ಡದೇನಲ್ಲ. ಆಯ್ಕೆಯ ಪತ್ರ ತಂದ ಮಗುವಿಗೆ ಮೊದಲ ತಿಂಗಳ ಖರ್ಚನ್ನು ಮುಂಗಡವಾಗಿ ಕೊಡೋಣ. ವೇತನ ಬಂದ ಮೇಲೆ ಅದು ಹಿಂದಿರುಗಿದರೆ ಮುಂದಿನ ಮಗುವಿಗೆ ಆಗುತ್ತದೆ. ಹೆಣ್ಣುಮಕ್ಕಳಾದರೆ ನಮ್ಮ ಶಿಕ್ಷಕಿಯರಲ್ಲಿ ಒಬ್ಬರು ಆ ತಾಯಿಯನ್ನು ಕರೆದುಕೊಂಡು ಹೋಗಿ ಹಾಸ್ಟೆಲ್ ನೋಡಿ, ವಾರ್ಡನ್ ಜೊತೆ ಮಾತನಾಡಿ ಬರಲಿ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಊರಿನ ಕುಟುಂಬಗಳ ದೂರವಾಣಿ ಸಂಖ್ಯೆಗಳ ಒಂದು ಪಟ್ಟಿ ಸಂಘದ ಕಚೇರಿಯಲ್ಲಿರಲಿ.

ಸಭೆ ಮುಗಿದ ಮೇಲೆ ನಾನು ಪಕ್ಕದ ಗ್ರಂಥಾಲಯದ ಕೋಣೆಯಲ್ಲಿ ಕುಳಿತಿರುತ್ತೇನೆ. ಬಿ.ಎಸ್ಸಿ. ಓದುತ್ತಿರುವವರು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಬನ್ನಿ, ಅಂಕಪಟ್ಟಿ ಇವತ್ತು ಬೇಡ. ಮನೆಯಲ್ಲಿ, ಹೊಲದಲ್ಲಿ, ಕಾರ್ಖಾನೆಯಲ್ಲಿ ನೀವು ಕಂಡ ಯಾವ ಕಾಯಿಲೆ ಏಕೆ ಬರುತ್ತದೆ ಎಂದು ನಿಮಗೆ ತಿಳಿಯಬೇಕಾಗಿದೆಯೋ ಅದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ತಾಯಂದಿರೂ ಜೊತೆಗೆ ಬರಬಹುದು, ಕುರ್ಚಿ ಹಾಕಿಸಿದ್ದೇನೆ.